ಜನವರಿ ಒಂದರಂದು ಹುಟ್ಟಿದವರು

ಎಚ್.ಎಸ್. ರಘುನಾಥನಿಗೆ ಸ್ವೀಡನ್ನಿನಲ್ಲಿ ಬರುವ ಸರ್ಕಾರಿ ಕಾಗದಗಳೆಲ್ಲ ಅವನ ಅಪ್ಪನ ಹೆಸರಿಗೆ ಬರುತ್ತಿದ್ದವು. ಎಚ್ ಎಂದರೆ ಹೊಳಲ್ಕೆರೆ, ಎಸ್ ಎಂದರೆ ಶಾಮರಾಯ. ಮನೆತನದ ಹೆಸರೇನು ಎಂದು ಇಲ್ಲಿಯ ಕಚೇರಿಯವರು ಕೇಳಿದಾಗ, ಅಂಥದ್ದೊಂದು ನಮ್ಮ ಕಡೆ ಇಟ್ಟುಕೊಳ್ಳುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ ಕೇಳದೆ, ಖಾಲಿ ಖಾನೆಯಲ್ಲಿ ಶಾಮರಾಯರನ್ನೇ ಎಳೆದು ಕೂರಿಸಿದ್ದರು. ಹೀಗಾಗಿ ತೀರಿಕೊಂಡು ಹದಿನೆಂಟು ವರ್ಷವಾಗಿದ್ದ ಆ ಪುಣ್ಯಾತ್ಮರಿಗೆ ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನ ಬಾಡಿಗೆ ಫ್ಲ್ಯಾಟಿಗೆ ತೆರಿಗೆ ಕಾಗದ, ಕೊಮ್ಯೂನ್ ಎಂಬ ಪುರಸಭೆಯ ಕಾಗದ, ಹಲ್ಲು ತೋರಿಸಿಕೊಳ್ಳಲು ಬನ್ನಿ ಎನ್ನುವ ಕಾಗದ ತಪ್ಪದೆ ಬರುತ್ತಿದ್ದವು. "ಮಾವನವರಿಗೆ ಪೋಸ್ಟ್ ಬಂದಿದೆ ರೀ" ಎಂದು ಹೆಂಡತಿ ಭಾನುಮತಿ ಲಕೋಟೆಯನ್ನು ಊಟದ ಮೇಜಿನ ಮೇಲೆ ಇಡುತ್ತಿದ್ದಳು. ಮೂರು ವರ್ಷದಿಂದ ಇದೇ ತಮಾಷೆ, ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಈ ಇನಿಷಿಯಲ್ ಪುರಾಣವೇ ಅವನಿಗೆ ಆ ಕೆಲಸ ತಂದುಕೊಟ್ಟದ್ದು. ಅವನಿದ್ದ ಕಂಪನಿ ಚಿಕ್ಕದು, ಇಪ್ಪತ್ತೆರಡು ಜನ. ದೂರದ ಒಂದು ಗುಡ್ಡಗಾಡು ದೇಶದ ಮತದಾರರ ಪಟ್ಟಿಯನ್ನು ಶುದ್ಧ ಮಾಡಿಕೊಡುವ ಗುತ್ತಿಗೆ ಅವರಿಗೆ ಸಿಕ್ಕಿತ್ತು. ದೇಶದ ಹೆಸರು ಬಿಡಿ; ಹೇಳಿದರೆ ನೀವು ಭೂಪಟ ತೆಗೆದು ಕೂರುತ್ತೀರಿ, ಕಥೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಅರವತ್ತೈದು ವರ್ಷ ಒಂದೇ ಪಕ್ಷ, ಒಂದೇ ಕೆಂಪು ಬಾವುಟ. ಪಕ್ಷ ಬಿದ್ದ ಮೇಲೂ ಹದಿನೈದು ವರ್ಷ ಅದೇ ಜನ ಕೋಟು ಬದಲಿಸಿಕೊಂಡು ಕುರ್ಚಿ ಬಿಡದೆ ಕೂತಿದ್ದರು. ಎರಡು ಸಾವಿರದ ಆರರ ಏಪ್ರಿಲ್‌ನಲ್ಲಿ ಮೊಟ್ಟಮೊದಲ ಸಲ ಅಧ್ಯಕ್ಷ ಪದವಿಗೆ ಇಬ್ಬರು ನಿಲ್ಲುವವರಿದ್ದರು: ಒಬ್ಬ ರಾಜಧಾನಿಯ ಹಳೆಯ ಪಕ್ಷದವನು, ಇನ್ನೊಬ್ಬ ಗುಡ್ಡದ ಹಳ್ಳಿಗಳ ಕಡೆಯ ಒಬ್ಬ ಡಾಕ್ಟರು.

ಪಟ್ಟಿಯಲ್ಲಿ ಹೆಸರುಗಳು ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು, ಹೀಗಿದ್ದವು. ಮ್ಯಾನೇಜರ್ ಲೇನಾ ತಲೆ ಕೆರೆದುಕೊಂಡಳು. ರಘುನಾಥ ನೋಡಿ ನಕ್ಕ. "ಇದು ನಮ್ಮ ಕಡೆ ಥರಾನೇ" ಎಂದ. ಮೂರು ವರ್ಷದಿಂದ ತನ್ನ ಹೆಸರನ್ನು ತಾನೇ ವಿವರಿಸಿ ಸೋತಿದ್ದವನಿಗೆ, ಮೊದಲ ಸಲ ಆ ಕಚೇರಿಯಲ್ಲಿ ತಾನು ಹೇಳಿದ್ದೇ ವೇದವಾದಂತಾಯಿತು. ಕೆಲಸ ಪೂರ್ತಿ ಅವನ ಕೈಗೆ ಬಂತು.

ಪಟ್ಟಿಯ ಭಾಷೆ ಬಿಡಿಸಿ ಹೇಳಲು ಆ ದೇಶದವರೇ ಆದ ಇಸ್ಕಂದರ್ ಎಂಬ ಹಿರಿಯರನ್ನು ಆರು ತಿಂಗಳ ಮಟ್ಟಿಗೆ ಇಟ್ಟುಕೊಂಡಿದ್ದರು. ಅರವತ್ತನಾಲ್ಕು ವರ್ಷ. ಊರಲ್ಲಿ ಭೂಗೋಳದ ಮೇಷ್ಟರಾಗಿದ್ದವರು, ಏನೋ ಮಾತಾಡಿ ಸಿಕ್ಕಿಹಾಕಿಕೊಂಡು ಓಡಿಬಂದು, ಸ್ಟಾಕ್‌ಹೋಮಿನಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದ್ದರು. ಸ್ವೀಡಿಷ್ ಪೌರತ್ವ ಯಾವಾಗಲೋ ಸಿಗುತ್ತಿತ್ತು, ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡರೆ ಅಲ್ಲಿಯ ವೋಟು ಹೋಗುತ್ತದೆ ಎನ್ನುವುದೇ ಕಾರಣ. ಇಲ್ಲದ ವೋಟಿಗೆ ಇಪ್ಪತ್ತು ವರ್ಷ ಕಾದ ಮನುಷ್ಯನನ್ನು ಹುಚ್ಚ ಎನ್ನಬೇಕೋ ಏನೆನ್ನಬೇಕೋ, ರಘುನಾಥನಿಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಫೀಕಾ ಎಂದು ಎಲ್ಲರೂ ಕಾಫಿಗೆ ಸೇರುವಾಗ ಇವರಿಬ್ಬರೂ ಕಿಟಕಿಯ ಪಕ್ಕ ಕೂರುತ್ತಿದ್ದರು. ಮಾತು ಅರ್ಧ ಇಂಗ್ಲಿಷು, ಅರ್ಧ ಸ್ವೀಡಿಷು. ಇಸ್ಕಂದರ್ ಹಳೆಯ ಕಾಲದ ಮತದಾನದ ಬಗ್ಗೆ ಹೇಳುತ್ತಿದ್ದರು. "ಚೀಟೀಲಿ ಒಂದೇ ಹೆಸರು. ಮಡಚಿ ಡಬ್ಬಿಗೆ ಹಾಕಿದ್ರೆ ಆಯ್ತು. ಬೇಡ ಅನ್ನೋರು ಪರದೆ ಹಿಂದೆ ಹೋಗಿ ಆ ಹೆಸರು ಹೊಡೆದುಹಾಕಬಹುದಿತ್ತು. ಆದ್ರೆ ಪರದೆ ಇದ್ದಿದ್ದು ಕೋಣೆಯ ಆ ಮೂಲೇಲಿ. ಅಲ್ಲಿಗೆ ನಡೆದುಹೋಗೋರನ್ನ ಮೂರು ಜನ ಕೂತು ನೋಡ್ತಾ ಇದ್ರು. ನಾನು ಹನ್ನೊಂದು ಸಲ ವೋಟ್ ಹಾಕಿದೀನಿ, ಪರದೆ ಹಿಂದೆ ಒಂದ್ಸಲಾನೂ ಹೋಗಿಲ್ಲ. ಹೆದರಿಕೆ." ಈ ಸಲ ಹೋಗುತ್ತೇನೆ, ಒಳಗೆ ನಿಧಾನವಾಗಿ ನಿಂತುಕೊಳ್ಳುತ್ತೇನೆ ಎನ್ನುತ್ತಿದ್ದರು. ಯಾರಿಗೆ ಹಾಕುತ್ತೀರಿ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಹೇಳದಿರುವುದರಲ್ಲೇ ಅವರಿಗೆ ಅರ್ಧ ಖುಷಿ.

ಪಟ್ಟಿಯಲ್ಲಿ ಕಸ ಬಹಳ ಇತ್ತು. ಹಳೆಯ ಪಕ್ಷದವರು ಕಳ್ಳ ಹೆಸರುಗಳನ್ನು ತುಂಬಿದ್ದಾರೆ ಎಂಬ ಗುಮಾನಿಯಿದ್ದುದರಿಂದಲೇ ಹೊರಗಿನವರಿಗೆ ಕೆಲಸ ಕೊಟ್ಟಿದ್ದು. ರಘುನಾಥ ಒಂದು ನಿಯಮ ಬರೆದ: ಒಂದೇ ಇನಿಷಿಯಲ್, ಒಂದೇ ಹೆಸರು, ಒಂದೇ ಹುಟ್ಟಿದ ದಿನ ಇದ್ದರೆ, ಗುರುತಿನ ನಂಬರ್ ಬೇರೆಯಿದ್ದರೂ ಅದು ಒಬ್ಬನೇ ಮನುಷ್ಯ, ಮೊದಲು ನೋಂದಾಯಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕು. ಮಧ್ಯಾಹ್ನ ಓಡಿಸಿದ ಪ್ರೋಗ್ರಾಮು ಕಾಫಿ ಮುಗಿಯುವ ಹೊತ್ತಿಗೆ ನಲವತ್ತೊಂದು ಸಾವಿರ ಹೆಸರುಗಳನ್ನು ಎತ್ತಿಕೊಟ್ಟಿತು.

ಅವನು ಅಡ್ಡಕಸುಬಿಯಲ್ಲ. ತೆಗೆದುಹಾಕಿದ ಹೆಸರುಗಳಲ್ಲಿ ಇನ್ನೂರನ್ನು ಕಣ್ಣಾರೆ ನೋಡಿದ. ಜನವರಿ ಒಂದು, ಜನವರಿ ಒಂದು, ಜನವರಿ ಒಂದು. ಪುಟ ತುಂಬಾ ಅದೇ ತಾರೀಖು, ವರ್ಷ ಮಾತ್ರ ಬೇರೆ, ಊರುಗಳೆಲ್ಲ ಗುಡ್ಡದವು. ಸಿಕ್ಕಿಬಿದ್ದರು ಕಳ್ಳರು ಎಂದುಕೊಂಡ. ಸುಳ್ಳು ಹೆಸರು ತುಂಬುವ ಸೋಮಾರಿ ಗುಮಾಸ್ತ ತಾರೀಖನ್ನೂ ಯೋಚಿಸದೆ ಒಂದೇ ಬರೆದಿದ್ದಾನೆ. ಇಸ್ಕಂದರ್ ಅವರನ್ನು ಕರೆದು ತೋರಿಸಿದ್ದರೆ ಎರಡು ನಿಮಿಷದ ಮಾತು. ಅವರು ಅವತ್ತು ರಜೆಯಲ್ಲಿದ್ದರು. ಮಾರನೇ ದಿನದ ಹೊತ್ತಿಗೆ ಪಟ್ಟಿ ಹೋಗಿತ್ತು, ಲೇನಾ ಬೆನ್ನು ತಟ್ಟಿದ್ದಳು.

ಏಪ್ರಿಲ್‌ನ ಆ ಭಾನುವಾರ ಇಸ್ಕಂದರ್ ರಘುನಾಥನನ್ನು ಜೊತೆಗೆ ಕರೆದರು. "ನಿಮ್ಮ ದೇಶದಲ್ಲಿ ವೋಟ್ ಹಾಕೋದು ನೀರು ಕುಡಿದ ಹಾಗೆ. ಪಕ್ಕದಲ್ಲಿ ಒಬ್ರು ಅನುಭವಸ್ಥರು ಇರಲಿ." ರಘುನಾಥ ಕೊನೆಯ ಸಲ ವೋಟು ಹಾಕಿದ್ದು ಎಂಬತ್ತೊಂಬತ್ತರಲ್ಲಿ. ಆಮೇಲೊಮ್ಮೆ ಬೆಂಗಳೂರಿನ ವಿಜಯನಗರದ ಶಾಲೆಯ ಮುಂದೆ ಸಾಲಿನಲ್ಲಿ ನಿಂತಾಗ ಪಟ್ಟಿಯಲ್ಲಿ ಹೆಸರಿಲ್ಲ ಎಂದಿದ್ದರು. ಸರಿ ಬಿಡಿ ಎಂದು ದರ್ಶಿನಿಯಲ್ಲಿ ಖಾಲಿ ದೋಸೆ ತಿಂದು ಮನೆಗೆ ಬಂದು ಮಲಗಿದ್ದ. ಇದನ್ನು ಅವನು ಇಸ್ಕಂದರ್ ಅವರಿಗೆ ಹೇಳಲಿಲ್ಲ.

ರಾಯಭಾರ ಕಚೇರಿ ಎಂದರೆ ನಗರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ನಾಲ್ಕು ಕೋಣೆ. ಮೆಟ್ಟಿಲ ಮೇಲೆಲ್ಲ ಜನ. ಹೆಂಗಸರು ರೇಷ್ಮೆ ವಸ್ತ್ರ ತಲೆಗೆ ಕಟ್ಟಿದ್ದರು, ಯಾರೋ ಒಣ ಏಪ್ರಿಕಾಟ್ ಹಂಚುತ್ತಿದ್ದರು. ಇಸ್ಕಂದರ್ ಕಂದು ಸೂಟು ಹಾಕಿ, ಟೈ ಕಟ್ಟಿ, ಶೂಗೆ ಹೊಳೆಯುವಂತೆ ಪಾಲಿಶ್ ಮಾಡಿದ್ದರು. ಒಳಕೋಣೆಯ ಕಿಟಕಿಯ ಬಳಿ ಕಬ್ಬಿಣದ ಕೋಲಿಗೆ ನೀಲಿ ಪರದೆ ತೂಗುಹಾಕಿದ್ದರು. ಸಾಲಿನಲ್ಲಿ ನಿಂತಷ್ಟು ಹೊತ್ತೂ ಅವರ ಕಣ್ಣು ಅದರ ಮೇಲೇ ಇತ್ತು.

ಮೇಜಿನ ಹಿಂದೆ ಕಾನ್ಸಲ್ ಕೂತಿದ್ದ, ದಣಿದ ಮುಖದ ನಡುವಯಸ್ಸಿನವನು. ಪಾಸ್‌ಪೋರ್ಟ್ ತೆಗೆದುಕೊಂಡು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಕೆಳಕ್ಕೆ ಇಳಿಸಿದ. ಮತ್ತೆ ಮೇಲಿನಿಂದ ಇಳಿಸಿದ. ಆಮೇಲೆ ಇಬ್ಬರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಹೇಳಿದ. "ಎಸ್. ಇಸ್ಕಂದರ್, ಜನವರಿ ಒಂದು, ನಲವತ್ತೆರಡು. ಈ ಹೆಸರು ಇದೆ. ಆದ್ರೆ ವಿಳಾಸ ಊರಿಂದು, ಗುರುತಿನ ನಂಬರ್ ಬೇರೆ. ಇದು ನೀವಲ್ಲ."

"ಅದು ನನ್ನ ಚಿಕ್ಕಪ್ಪನ ಮಗ" ಎಂದರು ಇಸ್ಕಂದರ್. "ನನ್ನ ತಂದೆ ಸಫರ್, ಚಿಕ್ಕಪ್ಪ ಸಲೀಂ. ಇಬ್ರೂ ಮಕ್ಕಳಿಗೆ ಅಜ್ಜನ ಹೆಸರೇ ಇಟ್ರು. ಜನಗಣತಿಯೋನು ಚಳಿಗಾಲದಲ್ಲಿ ಊರಿಗೆ ಬಂದಾಗ ಯಾರಿಗೆ ಹುಟ್ಟಿದ ತಾರೀಖು ಗೊತ್ತಿತ್ತು? ಎಲ್ಲ ಮಕ್ಕಳಿಗೂ ಜನವರಿ ಒಂದು ಬರೆದ. ಗುಡ್ಡದೂರುಗಳಲ್ಲೆಲ್ಲ ಹಾಗೇ. ನನ್ನ ಹೆಸರು ಕೆಳಗಡೆ ಇನ್ನೊಂದಿರುತ್ತೆ, ನೋಡಿ."

"ಇನ್ನೊಂದಿಲ್ಲ."

ರಘುನಾಥ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಹಿಡಿಯುವ ಜೋಮು ಮೈಪೂರ್ತಿ ಹಿಡಿದಂತಾಯಿತು, ಅಷ್ಟೆ. ಮನಸ್ಸಿನಲ್ಲಿ ಬಂದದ್ದು ಹೊಳಲ್ಕೆರೆಯ ಶಾಲೆಯ ಹಾಜರಿ ಪುಸ್ತಕ. ಅಮ್ಮ ಅವನ ಕೈ ಹಿಡಿದು ಹೆಡ್‌ಮೇಷ್ಟ್ರ ಮುಂದೆ ನಿಂತು, ದೀಪಾವಳಿ ಕಳೆದು ಮೂರನೇ ದಿನ ಹುಟ್ಟಿದ್ದು ಸ್ವಾಮಿ ಎಂದಿದ್ದಳು. ಮೇಷ್ಟರು ತಲೆಯೆತ್ತದೆ ಜೂನ್ ಒಂದು ಎಂದು ಬರೆದಿದ್ದರು. ತರಗತಿಯ ನಲವತ್ತು ಮಕ್ಕಳಲ್ಲಿ ಇಪ್ಪತ್ಮೂರು ಮಕ್ಕಳದ್ದು ಜೂನ್ ಒಂದು. ಆ ಜೂನ್ ಒಂದು ಅವನ ಪಾಸ್‌ಪೋರ್ಟಿನಲ್ಲಿತ್ತು, ಸ್ವೀಡನ್ನಿನವರು ಎಲ್ಲರಿಗೂ ಕೊಡುವ ಗುರುತಿನ ಸಂಖ್ಯೆಯಾದ ಪರ್ಶೂನ್‌ನಂಬರಿನ ಮೊದಲ ಆರು ಅಂಕಿಗಳಲ್ಲಿತ್ತು. ಲೋಕದಲ್ಲಿ ಯಾರಿಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗಬೇಕಿತ್ತು.

ಇಸ್ಕಂದರ್ ಅವರ ಮುಖ ಅಷ್ಟರಲ್ಲಿ ಅರಳಿತ್ತು. "ಇವರನ್ನೇ ಕೇಳಿ. ಈ ಪಟ್ಟಿ ಸರಿ ಮಾಡಿದ್ದೇ ಇವರು. ನಮ್ಮ ಪುಣ್ಯ, ಇಲ್ಲೇ ಇದ್ದಾರೆ."

ಕಾನ್ಸಲ್ ರಘುನಾಥನ ಕಡೆ ತಿರುಗಿದ. ಅವನದೇನೂ ಹಟವಿರಲಿಲ್ಲ. ಒಂದು ಫಾರಂ ಮುಂದಕ್ಕೆ ಸರಿಸಿದ. "ಪಟ್ಟಿಯಲ್ಲಿ ತಪ್ಪಾಗಿರಬಹುದು ಅಂತ ಇಲ್ಲಿ ಬರೆದು ಸೈನ್ ಮಾಡಿ. ನಾನು ಇವರಿಗೆ ಚೀಟಿ ಕೊಡ್ತೀನಿ, ಪ್ರತ್ಯೇಕ ಲಕೋಟೇಲಿ ಕಳಿಸ್ತೀನಿ. ತಪ್ಪಾಗಿದೆಯಾ?"

ರಘುನಾಥ ಫಾರಂ ನೋಡಿದ. ಒಬ್ಬರ ಹೆಸರು ತಪ್ಪಿದೆ ಎಂದರೆ ನಲವತ್ತೊಂದು ಸಾವಿರವೂ ತಪ್ಪಿರಬಹುದು. ಅವನ ವರ್ಕ್ ಪರ್ಮಿಟ್ ಕಂಪನಿಯ ಹೆಸರಿಗೆ ಅಂಟಿಕೊಂಡದ್ದು. ಕಂಪನಿ ಬಿಟ್ಟರೆ ದೇಶ ಬಿಡಬೇಕು. ಐವತ್ತು ದಾಟಿದ ಪ್ರೋಗ್ರಾಮರನ್ನು ಬೆಂಗಳೂರಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಇಷ್ಟೆಲ್ಲ ಅವನು ಯೋಚಿಸಿದನೋ, ಆಮೇಲೆ ಮನೆಯಲ್ಲಿ ಕೂತು ಕಾರಣ ಹೊಂದಿಸಿಕೊಂಡನೋ, ಅವನಿಗೇ ಗೊತ್ತಿಲ್ಲ. ಬಾಯಿ ಮಾತ್ರ ತಾನಾಗಿ ಆಡಿತು.

"ಸಿಸ್ಟಮ್ ಪ್ರಕಾರ ಒಬ್ಬರೇ ಇರೋದು. ಸೋಮವಾರ ಆಫೀಸಲ್ಲಿ ಚೆಕ್ ಮಾಡಿ ಹೇಳ್ತೀನಿ."

ಮತದಾನ ಅವತ್ತು ಸಂಜೆ ಮುಗಿಯುವುದಿತ್ತು. ಕಾನ್ಸಲ್ ಫಾರಂ ಹಿಂದಕ್ಕೆ ಎಳೆದುಕೊಂಡ.

ಇಸ್ಕಂದರ್ ಏನೋ ಹೇಳಲು ಬಾಯಿ ತೆರೆದರು. ರಘುನಾಥನ ಮುಖ ನೋಡಿದರು, ಬಾಯಿ ಮುಚ್ಚಿದರು. ಆಮೇಲೆ ತಮ್ಮ ಭಾಷೆಯಲ್ಲಿ ಕಾನ್ಸಲ್‌ನನ್ನು ಏನೋ ಕೇಳಿದರು. ಅವನು ಭುಜ ಕುಣಿಸಿ ಕೈ ತೋರಿಸಿದ. ಇಸ್ಕಂದರ್ ಕೋಣೆ ದಾಟಿ ಬರಿಗೈಯಲ್ಲಿ ನೀಲಿ ಪರದೆಯ ಹಿಂದೆ ಹೋದರು. ಪರದೆಯ ಕೆಳಗೆ ಪಾಲಿಶ್ ಮಾಡಿದ ಶೂಗಳು ಕಾಣುತ್ತಿದ್ದವು. ಒಂದು ನಿಮಿಷವಾಯಿತು, ಎರಡಾಯಿತು. ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ.

"ಒಳಗೆ ಬಿಸಿಲು ಚೆನ್ನಾಗಿ ಬರುತ್ತೆ" ಎಂದರು ಹೊರಬಂದು. ಮೆಟ್ಟಿಲಿಳಿಯುವಾಗ ರಘುನಾಥನ ತೋಳು ಹಿಡಿದುಕೊಂಡರು. "ಬೇಜಾರು ಮಾಡ್ಕೋಬೇಡಿ. ನಮ್ಮ ದೇಶದ ಕಾಗದಪತ್ರಗಳೇ ಹಾಗೆ. ನಿಮ್ಮ ತಪ್ಪೇನಿದೆ ಇದ್ರಲ್ಲಿ."

ಸೋಮವಾರ ರಘುನಾಥ ಚೆಕ್ ಮಾಡಿದ. ಅಳಿಸಿದ ಪಟ್ಟಿಯಲ್ಲಿ ಎಸ್. ಇಸ್ಕಂದರ್ ಇದ್ದರು, ವಿಳಾಸ ಸ್ಟಾಕ್‌ಹೋಮ್. ಅವನು ಲೇನಾಳಿಗೆ ಒಂದು ಮೇಲ್ ಬರೆದ, ಕಳಿಸಲಿಲ್ಲ. ಬುಧವಾರ ಫಲಿತಾಂಶ ಬಂತು. ಹಳೆಯ ಪಕ್ಷದವನು ಒಂಬತ್ತು ಸಾವಿರ ವೋಟಿನಿಂದ ಗೆದ್ದಿದ್ದ. ಒಟ್ಟಾರೆ ಮತದಾನ ಶಾಂತಿಯುತವಾಗಿ ನಡೆಯಿತು ಎಂದು ಬಂದುಹೋದ ವೀಕ್ಷಕರು ಹೇಳಿಕೆ ಕೊಟ್ಟರು. ತಕರಾರು ಸಲ್ಲಿಸಲು ಮೂವತ್ತು ದಿನವಿತ್ತು. ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಆ ಮೇಲ್ ಡ್ರಾಫ್ಟಿನಲ್ಲಿ ಇರುತ್ತಿತ್ತು. ಅವನು ಅದನ್ನು ಓದಿ, ಒಂದು ಅಲ್ಪವಿರಾಮ ಸೇರಿಸಿ, ಮುಚ್ಚುತ್ತಿದ್ದ. ಮೂವತ್ತು ದಿನ ಕಳೆದವು.

ಅವನಿಗೆ ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ, ಅದೇ ಕಷ್ಟ. ಮೆಟ್ರೋದಲ್ಲಿ ಇಳಿಯುವ ನಿಲ್ದಾಣ ದಾಟಿ ಮುಂದೆ ಹೋಗುತ್ತಿದ್ದ, ಹಿಂದಕ್ಕೆ ಬರುತ್ತಿದ್ದ. ಊಟದ ಮೇಜಿನಲ್ಲಿ ಭಾನುಮತಿ, "ಸಾರಿಗೆ ಉಪ್ಪೇ ಹಾಕಿಲ್ಲ ಕಣ್ರೀ ನಾನು. ಅರ್ಧ ಊಟ ಮಾಡಿದೀರಲ್ಲ, ಗೊತ್ತಾಗ್ಲಿಲ್ವಾ?" ಎಂದಾಗ ತಟ್ಟೆ ನೋಡಿದ. ಗೊತ್ತಾಗಿರಲಿಲ್ಲ. "ಮಾವನವರಿಗೆ ಪೋಸ್ಟ್ ಬಂದಿದೆ" ಎಂದರೆ ಈಗ ನಗುತ್ತಿರಲಿಲ್ಲ. ಅವಳು ಆ ತಮಾಷೆ ನಿಲ್ಲಿಸಿದಳು, ಕಾಗದಗಳು ನಿಲ್ಲಲಿಲ್ಲ.

ಜೂನ್ ಒಂದು ಬಂತು. ಪರ್ಶೂನ್‌ನಂಬರ್ ಇರುವ ದೇಶದಲ್ಲಿ ಹುಟ್ಟಿದ ದಿನ ಬಚ್ಚಿಡಲಾಗದು. ಇಸ್ಕಂದರ್ ಅವರ ಆರು ತಿಂಗಳೂ ಅವತ್ತೇ ಮುಗಿಯುತ್ತಿದ್ದುದರಿಂದ ಲೇನಾ ಎರಡನ್ನೂ ಸೇರಿಸಿ ಮೂರು ಗಂಟೆಯ ಫೀಕಾಗೆ ಹಸಿರು ಕೇಕು ತರಿಸಿದ್ದಳು, ಭಾನುಮತಿಗೂ ಬರಹೇಳಿದ್ದಳು. ಅವಳು ಸ್ಟೀಲ್ ಡಬ್ಬಿಯ ತುಂಬ ರವೆ ಉಂಡೆ ಮಾಡಿ ತಂದಿದ್ದಳು. ಲೇನಾ ಮೇಣದಬತ್ತಿ ಹುಡುಕಲು ಒಳಗೆ ಹೋದಳು. ಐವತ್ತೆರಡಾಯಿತಲ್ಲ, ಹೇಗನಿಸುತ್ತೆ ಎಂದು ಯಾರೋ ರಘುನಾಥನನ್ನು ಕೇಳಿದರು.

ಭಾನುಮತಿ ನಕ್ಕಳು. ಉಂಡೆ ಹಂಚುತ್ತಲೇ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. "ಇವರಿಗೆ ಇನ್ನೂ ಆಗಿಲ್ಲ! ಇವ್ರು ಹುಟ್ಟಿದ್ದು ದೀಪಾವಳಿ ಆದ್ಮೇಲೆ. ಸ್ಕೂಲಿಗೆ ಸೇರಿಸ್ವಾಗ ಹೆಡ್‌ಮೇಷ್ಟ್ರು ಜೂನ್ ಒಂದು ಅಂತ ಬರೆದುಬಿಟ್ರು. ಇವರ ಕ್ಲಾಸಲ್ಲಿ ಅರ್ಧಕ್ಕರ್ಧ ಜನಕ್ಕೆ ಜೂನ್ ಒಂದೇ ಬರ್ತ್‌ಡೇ."

ಎಲ್ಲರೂ ನಕ್ಕರು. ಇಸ್ಕಂದರ್ ನಗಲಿಲ್ಲ. ಕಚ್ಚಿದ ಉಂಡೆ ಕೈಯಲ್ಲೇ ಉಳಿಯಿತು. ಎದ್ದು ರಘುನಾಥನ ಪಕ್ಕ ಬಂದು ನಿಂತರು. ದನಿ ಏರಿಸಲಿಲ್ಲ.

"ಪಟ್ಟಿ ಕ್ಲೀನ್ ಮಾಡ್ವಾಗ ಜನವರಿ ಒಂದು ತುಂಬಾ ಬಂದಿರಬೇಕಲ್ಲ."

"ಬಂದಿತ್ತು."

"ನೋಡಿದ್ರಾ?"

"ನೋಡಿದ್ದೆ."

"ಆ ಭಾನುವಾರ, ಅಲ್ಲಿ ನಿಂತಾಗ ಗೊತ್ತಾಯ್ತಾ?"

"ಗೊತ್ತಾಯ್ತು."

ಇಸ್ಕಂದರ್ ತಲೆಯಾಡಿಸಿದರು. ಉಳಿದ ಉಂಡೆಯನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. "ಪಟ್ಟೀಲಿ ನೀವು ಉಳಿಸಿಕೊಂಡ್ರಲ್ಲ, ಆ ಇಸ್ಕಂದರ್, ನನ್ನ ಚಿಕ್ಕಪ್ಪನ ಮಗ. ಅವನು ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವತ್ತು ಕಾನ್ಸಲ್ ಮುಂದೆ ಹೇಳೋಣ ಅಂತ ಬಾಯಿಗೆ ಬಂದಿತ್ತು. ಹೇಳಿದ್ರೆ ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತೆ, ಪಾಪ ಅಂತ ಸುಮ್ಮನಾದೆ." ಕೋಟಿನ ಗುಂಡಿ ಹಾಕಿಕೊಂಡರು. "ಊರಿಂದ ಫೋನ್ ಬಂದಿತ್ತು. ಅವನ ವೋಟು ಬಿದ್ದಿದೆಯಂತೆ."

ಭಾನುಮತಿಗೆ ಕೈಮುಗಿದು, ಸಿಹಿ ಚೆನ್ನಾಗಿತ್ತಮ್ಮ ಎಂದು ಹೇಳಿ ಹೊರಟುಹೋದರು.

"ಏನಾಯ್ತು ರೀ? ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಭಾನುಮತಿ ಡಬ್ಬಿ ಹಿಡಿದುಕೊಂಡೇ ಹತ್ತಿರ ಬಂದಳು.

"ನೀನಲ್ಲ. ಅವರ ಹೆಸರು ಪಟ್ಟಿಯಿಂದ ಹೊಡೆದುಹಾಕಿದ್ದು ನಾನು, ಭಾನು. ನಲವತ್ತೊಂದು ಸಾವಿರ ಜನರದ್ದು. ಗುಡ್ಡದ ಕಡೆಯೋರು, ಎಲ್ಲರಿಗೂ ಯಾರೋ ಜನವರಿ ಒಂದು ಅಂತ ಬರೆದಿದ್ರು. ಸುಳ್ಳು ಹೆಸರು ಅಂದ್ಕೊಂಡೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡಬ್ಬಿಯ ಮುಚ್ಚಳ ಹಾಕಿದಳು.

"ಅವರಿಗೆ ಹೇಳಿದ್ರಾ?"

"ಅವರೇ ಕೇಳಿದ್ರು."

"ಅವರು ಕೇಳೋವರೆಗೂ ಹೇಳ್ಲಿಲ್ವಾ?"

ಅವನು ಮೇಜಿನ ಮೇಲಿದ್ದ ಕೇಕಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಅವಳು ಎರಡನೇ ಸಲ ಕೇಳಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ, ಮನೆಯ ವಿಳಾಸ ಕೇಳಲು ಬಂದ ಅಪರಿಚಿತನನ್ನು ನೋಡಿದ ಹಾಗೆ.

ರಘುನಾಥ ತನ್ನ ಮೇಜಿಗೆ ಹೋಗಿ ಡ್ರಾಫ್ಟ್ ತೆರೆದ. ಮೇಲ್‌ನಲ್ಲಿ ಪಟ್ಟಿಯ ತಪ್ಪಿನ ಬಗ್ಗೆ ಎಲ್ಲ ಇತ್ತು, ಒಂದು ಮಾತು ಮಾತ್ರ ಇರಲಿಲ್ಲ. ಕೊನೆಯಲ್ಲಿ ಅದನ್ನು ಸೇರಿಸಿದ: ಚುನಾವಣೆಯ ದಿನವೇ ನನಗೆ ಇದು ಗೊತ್ತಿತ್ತು. ಕಳಿಸುವ ಬದಲು ಪ್ರಿಂಟ್ ತೆಗೆದ. ಇಷ್ಟಾದರೂ ಬಾಯಿಬಿಟ್ಟು ಹೇಳಬೇಕು ಎನಿಸಿತು. ಈಗ ಹೇಳಿದರೆ ಫಲಿತಾಂಶ ಬದಲಾಗುವುದಿಲ್ಲ, ಅವನ ಪರ್ಮಿಟ್ ಮಾತ್ರ ಹೋಗಬಹುದು. ಇದೂ ಅವನಿಗೆ ಗೊತ್ತಿತ್ತು.

ಕಾಗದ ಹಿಡಿದು ಬರುವಷ್ಟರಲ್ಲಿ ಲೇನಾ ಬತ್ತಿ ಹಚ್ಚಿಕೊಂಡು ಬಂದಿದ್ದಳು. "ಲೇನಾ, ಒಂದ್ನಿಮಿಷ, ನಾನು ಒಂದು ವಿಷಯ..." ಎಂದ ಅವನು. ಅವಳು ನಗುತ್ತ ತುಟಿಯ ಮೇಲೆ ಬೆರಳಿಟ್ಟಳು. ಹತ್ತೊಂಬತ್ತು ಜನ ಎದ್ದು ನಿಂತು ಅವನ ಹುಟ್ಟುಹಬ್ಬದ ಹಾಡು ಶುರುಮಾಡಿದರು. ಭಾನುಮತಿ ಹಾಡದೆ ನಿಂತಿದ್ದಳು. ಹಾಡು ಉದ್ದವಿತ್ತು. ಅದು ಮುಗಿಯುವವರೆಗೆ ರಘುನಾಥ ಕಾಗದ ಹಿಡಿದುಕೊಂಡು ಕಾಯಬೇಕಾಯಿತು.